ಕೆಂಪು ಕಿರಗಿ ಬೀಸಿದ ಮಧ್ಯಾಹ್ನ

ಶರಣು, ಭಾಗ್ಯಾ, ಇದನ್ನು ನಿಮ್ಮಿಬ್ಬರಿಗೆಂದೇ ಬರೆಯುತ್ತಿದ್ದೇನೆ. ಹೋದ ತಿಂಗಳು ಕಾರವಾರಕ್ಕೆ ಹೋಗಿಬಂದಾಗ ಭಾಗ್ಯಾ ಒಂದು ಫೋಟೊ ತೋರಿಸಿದಳಲ್ಲ, ಸಮುದ್ರದ ದಂಡೆಯಲ್ಲಿ ಹಸಿ ಉಸುಕಿನ ಮೇಲೆ ಅವಳು ಎರಡೂ ಕೈ ಬಿಟ್ಟು ಸೈಕಲ್ ಹೊಡೆಯುತ್ತಿರುವುದು. ನಿಮ್ಮ ಅವ್ವ ಅದನ್ನು ನೋಡಿ ಬಾಯಿಗೆ ಬಂದಂತೆ ಬೈದಳು. ನಾನು ಫೋಟೊ ನೋಡುತ್ತಾ ಕೂತುಬಿಟ್ಟೆ. "ಯಾಕ ಅಜ್ಜಿ, ನೀನೂ ಸೈಕಲ್ ಹತ್ತಿದ್ದೇನು?" ಎಂದು ಶರಣು ನಕ್ಕ. ಹತ್ತಿದ್ದೆ. ಹಿಂದಿನ ಕ್ಯಾರಿಯರ್ ಮೇಲೆ. ಆದರೆ ಬಾಯಿಬಿಟ್ಟು ಹೇಳುವುದು ನನ್ನಿಂದ ಯಾವತ್ತೂ ಆಗಿಲ್ಲ. ಬರೆಯುವುದು ಆಗುತ್ತದೆ, ನಿಧಾನವಾಗಿ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಬೆರಳು ಸೋಲುತ್ತವೆ, ಕಣ್ಣಲ್ಲಿ ನೀರಾಡುತ್ತದೆ. ಒಂದಿಷ್ಟು ಮಲಗಿ ಎದ್ದು ಮತ್ತೆ ಬರೆಯುತ್ತೇನೆ.

ಅದು ನಿಜಾಮರ ಕಾಲ. ಪೊಲೀಸ್ ಕಾರ್ಯಾಚರಣೆಗೆ ಎರಡು ವರ್ಷ ಮೊದಲಿನ ಬೇಸಿಗೆ. ನನ್ನ ತವರು ಮಾನ್ವಿ ತಾಲೂಕಿನ ಚೀಕಲಪರ್ವಿ, ತುಂಗಭದ್ರೆಯ ದಂಡೆಗೆ. ಈ ದಂಡೆ ನಿಜಾಮರದು, ಆ ದಂಡೆ ಬ್ರಿಟಿಷರದು. ನನಗಾಗ ಹತ್ತು ವರ್ಷ ಇರಬೇಕು. ಊರ ಶಾಲೆಯಲ್ಲಿ ಓದುತ್ತಿದ್ದೆ. ಓದು ಎಂದರೆ ಮಾಸ್ತರು ಎದ್ದು ನಿಲ್ಲಿಸಿದಾಗ ತುಟಿ ಅಲ್ಲಾಡಿಸುವುದು. ನನ್ನ ದನಿ ಎದುರಿನ ಸಾಲಿನವರಿಗೂ ಕೇಳುತ್ತಿರಲಿಲ್ಲ.

ಊರಿಗೆಲ್ಲ ಇದ್ದದ್ದು ಒಂದೇ ಸೈಕಲ್, ಅದು ಆ ಮಾಸ್ತರದು. ಬೇಸಿಗೆ ರಜೆಗೆ ಹೆಂಡತಿ ಮಕ್ಕಳನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡು ದೇವದುರ್ಗಕ್ಕೆ ಹೊರಟಾಗ ಸೈಕಲನ್ನು ನಮ್ಮ ಮನೆಯ ಪಡಸಾಲೆಯಲ್ಲಿ ನಿಲ್ಲಿಸಿ ಹೋದರು. ನಮ್ಮ ತಾತ ಅದರ ಮೇಲೆ ಒಂದು ಕೌದಿ ಹೊದಿಸಿ, ಇದು ಪರರ ವಸ್ತು, ಯಾರೂ ಕೈ ಹಚ್ಚಕೂಡದು ಎಂದು ಎಲ್ಲರಿಗೂ ಹೇಳಿದರು. ಅದಾಗಿ ಸ್ವಲ್ಪ ದಿನಕ್ಕೆ ರಾಯಚೂರಿನಿಂದ ನೀಲಾ ಬಂದಳು.

ನೀಲಾ ನಮ್ಮ ಸೋದರಮಾವನ ಮಗಳು, ನನಗಿಂತ ತುಸು ದೊಡ್ಡವಳು. ಮಾವ ರಾಯಚೂರು ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ. ಅಲ್ಲಿನ ಕೂಲಿಗಳ ಸೈಕಲ್ ಕದ್ದು ಹೊಡೆದೇ ಅವಳು ಕಲಿತದ್ದು. ಸೀಟಿನ ಮೇಲೆ ಕೂತರೆ ಪೆಡಲಿಗೆ ಕಾಲು ಎಟುಕುತ್ತಿರಲಿಲ್ಲ. ಪರಕಾರಕ್ಕೆ, ಅಂದರೆ ಲಂಗಕ್ಕೆ, ಕಚ್ಚೆ ಹಾಕಿ, ನಡುವಿನ ಕಂಬಿಯ ಕೆಳಗಿನಿಂದ ಕಾಲು ತೂರಿಸಿ, ಮೈಯೆಲ್ಲ ಒಂದೇ ಕಡೆ ವಾಲಿಸಿಕೊಂಡು ತುಳಿಯುತ್ತಿದ್ದಳು.

ಮಧ್ಯಾಹ್ನ ಉಂಡು ಎಲ್ಲರೂ ಮಲಗಿದ ಮೇಲೆ ನಾವು ಸೈಕಲ್ ಹೊರಗೆ ತರುತ್ತಿದ್ದೆವು. ಅದರ ಜಾಗಕ್ಕೆ ಒನಕೆಯನ್ನು ಎರಡು ಬುಟ್ಟಿಯ ಮೇಲೆ ಅಡ್ಡ ಇಟ್ಟು, ಮೇಲೆ ಅದೇ ಕೌದಿ ಹೊದಿಸುತ್ತಿದ್ದಳು ನೀಲಾ. ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ಕಣ್ಣು ಮಂದ. ನಡುವೆ ಎದ್ದು ನೀರು ಕುಡಿಯಲು ಹೋಗುವಾಗ ಕೌದಿಯನ್ನು ಒಮ್ಮೆ ತಡವಿ, ಸೈಕಲ್ ಇದೆ ಎಂದುಕೊಂಡು ಮತ್ತೆ ಮಲಗುತ್ತಿದ್ದಳು.

ದಂಡೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಇಳಿಯುವುದು, ನೀರಲ್ಲಿ ಮಲಗಿದ ಎಮ್ಮೆಗಳ ನಡುವೆ ನುಗ್ಗಿ ಅವನ್ನು ಎಬ್ಬಿಸುವುದು, ಓಡುವ ಸೈಕಲ್ಲಿನ ಕ್ಯಾರಿಯರ್ ಮೇಲೆ ಎದ್ದು ನಿಲ್ಲುವುದು, ಇವೆಲ್ಲ ಅವಳ ಆಟ. ಅವಳ ಮಂಡಿಯಲ್ಲಿ ಹಸಿ ಗಾಯವಿಲ್ಲದ ದಿನವಿರಲಿಲ್ಲ. ನನ್ನನ್ನು ಹಿಂದೆ ಕೂರಿಸಿಕೊಳ್ಳುತ್ತಿದ್ದಳು. ನಾನು ಬೇಡ ಎನ್ನುತ್ತಿರಲಿಲ್ಲ. ಹೆದರಿಕೆಯಾಗುತ್ತಿತ್ತು, ಆದರೂ ಆ ಬಿಸಿಲಿನಲ್ಲಿ ಮುಖಕ್ಕೆ ಗಾಳಿ ಬಡಿಯುವುದು ಹಿತವಾಗಿತ್ತು.

ಒಂದು ದಿನ ಅವಳು ನೀರಿನ ಅಂಚಿನ ಗಟ್ಟಿ ಉಸುಕಿನ ಮೇಲೆ ಸೈಕಲ್ ನಿಲ್ಲಿಸಿ, "ಸಮುದ್ರಂದ್ರ ಹಿಂಗಽ ಇರತದಂತ ಬೇ. ನಮ್ಮಪ್ಪ ಮದ್ರಾಸಿನಾಗ ನೋಡ್ಯಾನ. ಆ ಕಡಿ ದಂಡಿ ಒಂದು ಕಾಣೂದಿಲ್ಲ, ಅಷ್ಟಽ" ಎಂದಳು. ನಮ್ಮ ಹೊಳೆಗೆ ಆ ಕಡೆ ದಂಡೆ ಕಾಣುತ್ತಿತ್ತು. ಅದಕ್ಕೂ ಅವಳೇ ದಾರಿ ಹುಡುಕಿದಳು. ಕಣ್ಣು ಅರ್ಧ ಮುಚ್ಚಿದರೆ ದಂಡೆ ಮಾಯವಾಗಿ ಬರೀ ಹೊಳೆಯುವ ನೀರು ಉಳಿಯುತ್ತಿತ್ತು. ಅಂದಿನಿಂದ ಅವಳು ಕಣ್ಣು ಮುಚ್ಚಿ ಸೈಕಲ್ ಹೊಡೆಯತೊಡಗಿದಳು. ಕೇಳಿದರೆ, ಸಮುದ್ರ ನೋಡಾಕತ್ತೀನಿ ಎನ್ನುತ್ತಿದ್ದಳು.

ಇಲ್ಲಿ ನನ್ನ ಮಾತು ಸ್ವಲ್ಪ ಹೇಳಬೇಕು. ಆ ವರ್ಷ ಯುಗಾದಿಗೆ ಮುಂಚೆ ನಿಮ್ಮ ಅಜ್ಜನ ಮನೆಯವರು ಅರಕೇರಾದಿಂದ ಬಂದು ನನ್ನನ್ನು ನೋಡಿ, ಮಾತು ಗಟ್ಟಿ ಮಾಡಿ, ಒಂದು ಕೆಂಪು ಕಿರಗಿ ಉಡಿಸಿ ಹೋಗಿದ್ದರು. ಕಿರಗಿ ಎಂದರೆ ಸಣ್ಣ ಹುಡುಗಿಯರು ಉಡುವ ಚಿಕ್ಕ ಸೀರೆ. ಅದುವರೆಗೆ ನಾನು ಉಡುತ್ತಿದ್ದ ಗಿಡ್ಡ ಪರಕಾರದ ಮೇಲೆಯೇ ಆಯಿ ಅದನ್ನು ಉಡಿಸಿದಳು. ಇನ್ನು ಮೇಲೆ ಸೆರಗು ತಲೆಯಿಂದ ಜಾರಬಾರದು, ಕಿರಗಿ ಬಿಟ್ಟು ಅಂಗಳಕ್ಕೂ ಇಳಿಯಬಾರದು, ಅರಕೇರಾದವರ ಕಿವಿಗೆ ಏನಾದರೂ ಬಿದ್ದರೆ ಮಾತು ಮುರಿಯುತ್ತದೆ ಎಂದು ದಿನಕ್ಕೊಮ್ಮೆ ಹೇಳುತ್ತಿದ್ದಳು.

ಹೊಳೆ ದಾಟುವ ಪದ್ಧತಿಯನ್ನೂ ಹೇಳಬೇಕು. ಬೇಸಿಗೆಯಲ್ಲಿ ಹೊಳೆ ಸೊರಗಿ ನಡುವೆ ಉಸುಕಿನ ದಿಬ್ಬ ಏಳುತ್ತಿತ್ತು. ನಮ್ಮ ಕಡೆ ಪಾದ ಮುಳುಗುವಷ್ಟೇ ನೀರು, ಆ ಕಡೆಯದು ಯಾವಾಗಲೂ ಆಳ. ಅಂಬಿಗನ ಗುಡಿಸಲು ಆ ದಂಡೆಗೆ. ದಾಟುವವರು ದಿಬ್ಬದವರೆಗೆ ನಡೆದು ಹೋಗಿ ಅಲ್ಲಿಂದ ಅವನನ್ನು ಕರೆಯಬೇಕು. ಕೂಗಿದರೆ ಗಾಳಿಗೆ ಕೇಳುತ್ತಿರಲಿಲ್ಲ, ಅದಕ್ಕೆ ಗಂಡಸರು ತಲೆಯ ರುಮಾಲು ಬಿಚ್ಚಿ ಬೀಸುತ್ತಿದ್ದರು. ಬಿಳಿ ಅರಿವೆ ಕಂಡ ಮೇಲೆ ಅಂಬಿಗ ಕೈಯಲ್ಲಿದ್ದ ಚುಟ್ಟಾ ಸೇದಿ ಮುಗಿಸಿ ನಿಧಾನಕ್ಕೆ ಹರಗೋಲು ಬಿಡುತ್ತಿದ್ದ. ಹೆಂಗಸರು ಅರಿವೆ ಬೀಸುವಂತಿರಲಿಲ್ಲ. ಒಂಟಿ ಹೆಂಗಸು ದಾಟಬೇಕಾದರೆ ಯಾರಾದರೂ ಗಂಡಸು ಬರುವವರೆಗೆ ಉಸುಕಿನಲ್ಲಿ ಬೆನ್ನು ತಿರುಗಿಸಿ ಕೂರಬೇಕು. ನಮ್ಮ ಅವ್ವ ಹಾಗೆ ಹೊತ್ತು ಇಳಿಯುವವರೆಗೂ ಕೂತದ್ದನ್ನು ನಾನು ನೋಡಿದ್ದೆ.

ಆ ಮಧ್ಯಾಹ್ನ ನೀಲಾ ಸಣ್ಣ ನೀರು ದಾಟಿಸಿ ಸೈಕಲನ್ನು ದಿಬ್ಬಕ್ಕೆ ತಂದಳು. ದಿಬ್ಬದ ಮೇಲೆ ಕಲ್ಲಂಗಡಿ ಬಳ್ಳಿ ಹಚ್ಚಿದ್ದರು. ಕಾಯುವವರು ಊಟಕ್ಕೆ ಹೋಗಿದ್ದರು. ಕಣ್ಣು ಹಾಯುವಷ್ಟು ದೂರ ಒಬ್ಬರಿಲ್ಲ. ನಾನು ಹಿಂದೆ ಕೂತೆ, ಅವಳು ಕಣ್ಣು ಮುಚ್ಚಿ ಆಳದ ನೀರಿನ ಅಂಚಿಗೆ ತುಳಿಯತೊಡಗಿದಳು. ಮುಂದೆ ಒಂದು ಕಡೆ ಜಾಲಿ ಮುಳ್ಳಿನ ಕಂಟಿ ನೆಟ್ಟಿದ್ದು ನನಗೆ ಕಂಡಿತು. ಕಂಟಿ ನೆಟ್ಟಲ್ಲಿ ಮೇಲೆ ಉಸುಕು, ಕೆಳಗೆ ಕಾಲು ನುಂಗುವ ಹುದುಲು ಎಂದು ನಮ್ಮೂರ ಕೂಸಿಗೂ ಗೊತ್ತು.

"ಅಲ್ಲಿ ಕಂಟಿ ಹಚ್ಯಾರ ನೀಲಾ" ಎಂದೆ. ನನ್ನ ದನಿ ಹೇಗಿತ್ತೋ.

"ಅದು ಕಾಯಿ ಕದಿಯೋರಿಗೆ ಹಚ್ಚಿದ್ದು ಬೇ. ನಾವು ಸಮುದ್ರಕ್ಕ ಹೊಂಟೀವಿ" ಎಂದಳು. ಕಣ್ಣು ತೆರೆಯಲೇ ಇಲ್ಲ.

ಮುಂದಿನ ಗಾಲಿ ಒಮ್ಮೆಲೇ ಹೂತು ನಿಂತಿತು. ನಾನು ಹಿಂದಕ್ಕೆ, ಗಟ್ಟಿ ಉಸುಕಿಗೆ ಬಿದ್ದೆ. ನೀಲಾ ಹ್ಯಾಂಡಲ್ ದಾಟಿ ಮುಂದೆ ಹೋಗಿ ಬಿದ್ದಳು. ಎದ್ದು ನಿಂತಾಗ ಮಂಡಿಯವರೆಗೆ ಹುದುಲು. "ನೋಡ ಪಾರಿ, ಹೊಳಿ ನನ್ನ ಕಾಲಿಗೆ ಬಿದ್ದು ಆಶೀರ್ವಾದ ಬೇಡಾಕತ್ತದ" ಎಂದು ನಕ್ಕಳು. ಕಾಲು ಕಿತ್ತುಕೊಳ್ಳಲು ಒದೆದಷ್ಟೂ ಇಳಿದಳು. ತೊಡೆಯವರೆಗೆ ಆದಾಗ ನಗು ನಿಂತಿತು. ನಾನು ಉಸುಕಿನ ಮೇಲೆ ಬೋರಲು ಮಲಗಿ ಕೈ ಚಾಚಿದೆ, ಎಟುಕಲಿಲ್ಲ. ಇನ್ನೂ ಮುಂದೆ ಸರಿದರೆ ನನ್ನ ಎದೆಯ ಕೆಳಗಿನ ನೆಲವೂ ನಡುಗುತ್ತಿತ್ತು.

"ಯಾರನ್ನರ ಕರಿ ಪಾರಿ" ಎಂದಳು, ಬಹಳ ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಬಾಯಿ ತೆರೆದೆ. ಬರೀ ಗಾಳಿ ಬಂತು. ಮತ್ತೊಮ್ಮೆ ತೆರೆದೆ, ಏನೋ ಸಣ್ಣ ಸದ್ದು ಬಂತು, ಬಿಸಿಗಾಳಿ ಅದನ್ನೂ ಎತ್ತಿಕೊಂಡು ಹೋಯಿತು. ನಮ್ಮ ದಂಡೆ ಖಾಲಿ. ಆ ದಂಡೆಗೆ ಗುಡಿಸಲ ನೆರಳಿನಲ್ಲಿ ಅಂಬಿಗ ಕೂತಿದ್ದ, ಕರಿ ಚುಕ್ಕೆಯಂತೆ. ಬೀಸಲು ನನ್ನ ಬಳಿ ಏನಿತ್ತು? ಮೈಮೇಲಿನ ಕಿರಗಿ ಒಂದೇ. ಆಯಿಯ ಮುಖ, ಅರಕೇರಾದವರ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ತಿರುಗಿ ನೋಡಿದೆ. ನೀಲಾ ಸೊಂಟದವರೆಗೆ ಇಳಿದಿದ್ದಳು.

ಕಿರಗಿ ಬಿಚ್ಚಿದೆ. ಗಿಡ್ಡ ಪರಕಾರದಲ್ಲಿ, ಬರಿ ತಲೆಯಲ್ಲಿ, ಒಬ್ಬ ಪರ ಗಂಡಸಿಗೆ ಎದುರಾಗಿ ನಿಂತು ಎರಡೂ ಕೈಯಿಂದ ಬೀಸಿದೆ. ಈಗ ನಿಮಗೆ ಇದರಲ್ಲಿ ಏನಿದೆ ಎನಿಸಬಹುದು. ನನಗೆ ಆಗ ಸತ್ತು ಹೋದರೆ ಸಾಕು ಎನಿಸಿತ್ತು. ಕಣ್ಣು ಮುಚ್ಚಿಕೊಂಡೇ ಬೀಸಿದೆ.

ಕಣ್ಣು ಬಿಟ್ಟಾಗ ಹರಗೋಲು ನೀರಿಗೆ ಬಿದ್ದಾಗಿತ್ತು. ಆ ಅಂಬಿಗ ಅಷ್ಟು ಜೋರಾಗಿ ಹುಟ್ಟು ಹಾಕಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಬಿಳಿ ಅರಿವೆಗೆ ನಿಧಾನಕ್ಕೆ ಬರುವವನು ಕೆಂಪು ಕಂಡು ಎದ್ದಿದ್ದ. ಹೆಂಗಸಿನ ಅರಿವೆ ಸುಮ್ಮನೆ ಹಾರುವುದಿಲ್ಲ ಎಂದು ಅವನಿಗೆ ಗೊತ್ತಾಗಿರಬೇಕು.

ಹರಗೋಲನ್ನು ನೀರಿನಿಂದ ಹುದುಲಿನ ಮೇಲಕ್ಕೇ ಎಳೆದು ತಳ್ಳಿದ. ಅಗಲವಾದ ತಳ, ಹುದುಲು ಅದನ್ನು ನುಂಗಲಿಲ್ಲ. ಅದರೊಳಗೆ ಬೋರಲು ಮಲಗಿ ನೀಲಾಗೆ, ಒದೀಬ್ಯಾಡ, ಹಾಸಿಗಿ ಮ್ಯಾಲ ಮಲಗಿದಂಗ ಹಿಂದಕ್ಕ ಒರಗು ಎಂದು ಹೇಳಿಕೊಟ್ಟ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಮುಖ ಆ ಕಡೆ ಇಟ್ಟುಕೊಂಡೇ ತಲೆಯ ರುಮಾಲು ಬಿಚ್ಚಿ ಹಿಂದಕ್ಕೆ ಎಸೆದ.

"ಇದನ್ನ ಹೊತ್ತುಗೋ ತಂಗಿ. ನಿಂದು ಇತ್ತ ಒಗಿ."

ನನ್ನ ಕಿರಗಿಯನ್ನು ಹುರಿ ಮಾಡಿ ನೀಲಾಳ ಕಂಕುಳಲ್ಲಿ ಹಾಯಿಸಿ ಎಳೆದ. ಬಹಳ ಹೊತ್ತು ಹಿಡಿಯಿತು. ಕಿರಗಿ ನಡುವೆ ಹರಿಯಿತು, ಗಂಟು ಹಾಕಿ ಮತ್ತೆ ಎಳೆದ. ಕೊನೆಗೆ ಅವಳು ಹರಗೋಲಿನ ಅಂಚಿಗೆ ಎದೆ ಹಚ್ಚಿ ಬಿದ್ದಳು. ಅಳಲಿಲ್ಲ. ಮೊದಲು ಆಡಿದ ಮಾತು ಎಂದರೆ, "ಮಾಸ್ತರ ಸೈಕಲ್?"

"ಅದಕ್ಕೇನು ಜೀವ ಅದ ಏನು ಸಾಯಾಕ" ಎಂದ ಅಂಬಿಗ. ಅದನ್ನೂ ಎಳೆದು ತೆಗೆದ.

ನೀಲಾಳನ್ನು ಹೆಗಲ ಮೇಲೆ ಹಾಕಿಕೊಂಡು ಅವನು ನಮ್ಮ ಮನೆಗೆ ಬಂದ. ಹಿಂದೆ ನಾನು, ಅವನ ರುಮಾಲು ಮೈತುಂಬ ಹೊದ್ದು, ಸೈಕಲ್ ತಳ್ಳುತ್ತಾ. ಬರಿ ತಲೆಯ ಗಂಡಸು ಬಾಗಿಲಿಗೆ ಬಂದರೆ ಸಾವಿನ ಸುದ್ದಿ ಎಂದು ಲೆಕ್ಕ. ತಾತ ಅವನನ್ನು ಕಂಡು ಗೋಡೆ ಹಿಡಿದು ನಿಂತರು. ಏನೂ ಆಗಿಲ್ರಿ ಯಪ್ಪಾ, ಹುಡುಗಿ ಉಳದಾಳ ಎಂದು ಅವನೇ ಮೊದಲು ಹೇಳಿದ. ಆಯಿ ನನ್ನನ್ನು ನೋಡಿದಳು. ಮಂದ ಕಣ್ಣಿಗೂ ಕಿರಗಿ ಇಲ್ಲದ್ದು ಕಂಡಿತು.

"ಇಕಿ ಕಿರಗಿ ಎಲ್ಲಿ?"

ನಾನು ರುಮಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡೆ. ಅಂಬಿಗ ಹೇಳಿದ: "ಸೈಕಲ್ ಗಂಟಿ ಬಿಸಲಿಗೆ ಮಿಂಚಿತ್ರಿ ಯವ್ವಾ, ನೋಡಿ ಬಂದೆ. ಎಳಿಯಾಕ ಅರಿವಿ ಬೇಕಾಗಿತ್ತು. ನನ್ನ ರುಮಾಲ ಕೊಟ್ಟು, ಆ ಕೂಸಿನ ಕಿರಗಿ ನಾನಽ ಇಸಗೊಂಡೆ."

ಆಯಿ ತಲೆ ಆಡಿಸಿದಳು. ಅವನು ಮಜ್ಜಿಗೆ ಕುಡಿದು, ರುಮಾಲು ಸುತ್ತಿಕೊಂಡು ಹೊರಟುಹೋದ.

ಸುತ್ತಿಕೊಳ್ಳುವಾಗ ನಾನು ನೋಡಿದೆ. ಆ ರುಮಾಲು ನನ್ನ ಕಿರಗಿಗಿಂತ ಎಷ್ಟೋ ಉದ್ದವಿತ್ತು, ಗಟ್ಟಿಯೂ ಇತ್ತು. ಎಳೆಯಲು ಅದೇ ಸಾಕಾಗುತ್ತಿತ್ತು. ನನ್ನದನ್ನು ಬೇಡುವ ಅಗತ್ಯವೇ ಅವನಿಗೆ ಇರಲಿಲ್ಲ. ಯಾರಾದರೂ ನನ್ನನ್ನು ಕಿರಗಿ ಇಲ್ಲದೆ ಕಂಡಿದ್ದರೆ ಹೇಳಲು ಒಂದು ಕಾರಣವಿರಲಿ ಎಂದೇ ಬೇಡಿದ್ದ.

ತಾತ ಸೈಕಲ್ ತೊಳೆದು ಚೈನಿಗೆ ಕುಸುಬೆ ಎಣ್ಣೆ ಹಾಕಿದರು. ಕಿರಗಿ ಕೇಳಿದರೆ ಇಲಿ ಕಡಿದಾವ ಅಂದರಾತು ಎಂದಳು ಆಯಿ. ಅರಕೇರಾದವರು ಕೇಳಲಿಲ್ಲ. ಮದುವೆ ಆಯಿತು.

ಮದುವೆಯಾದ ಹೊಸದರಲ್ಲಿ ಆ ದಂಡೆಯ ಊರಿಗೆ ಬಳಗದವರ ಮದುವೆಗೆಂದು ನಿಮ್ಮ ಅಜ್ಜನೂ ನಾನೂ ಹೋಗಬೇಕಾಯಿತು. ಅದೇ ದಿಬ್ಬ. ಅಜ್ಜ ರುಮಾಲು ಬಿಚ್ಚಿ ಬೀಸಿದರು. ನಾನು ಬೆನ್ನು ತಿರುಗಿಸಿ ಕೂತೆ, ನಮ್ಮ ಅವ್ವನ ಹಾಗೆ. ಅಂಬಿಗ ತನ್ನ ಚುಟ್ಟಾ ಮುಗಿಸಿ ನಿಧಾನಕ್ಕೆ ಬಂದ. ಕೂದಲು ನರೆತಿತ್ತು. ನಾನು ಉಟ್ಟದ್ದು ಕೆಂಪು ಸೀರೆ. ಹರಗೋಲು ನಡುನೀರಿಗೆ ಬಂದಾಗ ಅವನು ನೀರು ನೋಡುತ್ತಲೇ, "ಇವತ್ತೇನು ಅವಸರ ಇಲ್ಲಲ್ಲ ತಂಗಿ?" ಎಂದ.

ನಾನು ಸೆರಗಿನೊಳಗೆ ತಲೆ ಅಲ್ಲಾಡಿಸಿದೆ. ಅವನೇನಂದ ಎಂದು ಅಜ್ಜ ಆಮೇಲೆ ಕೇಳಿದರು. ಏನಿಲ್ಲ ಎಂದೆ. ಅವರು ತೀರಿಕೊಳ್ಳುವವರೆಗೂ ಏನಿಲ್ಲ ಎಂದೇ ಇದ್ದೆ.

ನೀಲಾ ಮತ್ತೆ ಸೈಕಲ್ ಮುಟ್ಟಲಿಲ್ಲ, ಮುಟ್ಟಲು ಯಾರೂ ಬಿಡಲಿಲ್ಲ. ಮದುವೆ, ಬಾಣಂತನಗಳು, ನೀರು ಹೊರುವುದು, ಎಲ್ಲರಿಗಾದದ್ದೇ ಅವಳಿಗೂ ಆಯಿತು. ಸಮುದ್ರ ನೋಡದೆಯೇ ಹೋದಳು. ಕಂಡಾಗಲೆಲ್ಲ ನನ್ನ ಸೆರಗು ಜಗ್ಗಿ, "ಗಟ್ಟಿ ಅದ ಏನು ಬೇ?" ಎಂದು ಕೇಳುತ್ತಿದ್ದಳು. ನಾವಿಬ್ಬರೇ ನಗುತ್ತಿದ್ದೆವು.

ಅಂಬಿಗನ ಹೆಸರು ನನಗೆ ಗೊತ್ತಿಲ್ಲ. ಗಂಡಸರ ಹೆಸರು ಕೇಳುವ ಹುಡುಗಿ ನಾನಾಗಿರಲಿಲ್ಲ. ಈಗ ಕೇಳೋಣವೆಂದರೆ ಹೇಳುವವರು ಯಾರೂ ಉಳಿದಿಲ್ಲ. ಈ ಒಂದು ಮಾತು ನನ್ನನ್ನು ಬಹಳ ದಣಿಸುತ್ತದೆ.

ಭಾಗ್ಯಾ, ನೀನು ಚಳಿಗೆ ಹೊದೆಯುವ ಹಳೆಯ ಕೌದಿಯ ಮೂಲೆಯಲ್ಲಿ ಒಂದು ಕೆಂಪು ತುಂಡು ಇದೆಯಲ್ಲ, ಅದು ಆ ಕಿರಗಿಯಲ್ಲಿ ಉಳಿದದ್ದು. ಆಯಿ ಸೇರಿಸಿ ಹೊಲಿದಳು. ಬರೆದ ಈ ಹಾಳೆಗಳನ್ನು ಆ ಕೌದಿಯ ಮಡಿಕೆಯಲ್ಲೇ ಇಡುತ್ತಿದ್ದೇನೆ. ಕೌದಿ ಒಗೆಯಲು ಹಾಕುವ ಮೊದಲು ನೆನಪಿಟ್ಟು ತೆಗೆಯಿರಿ, ಒಣಗಿದ ಮೇಲೆ ಮತ್ತೆ ಅಲ್ಲೇ ಇಡಿರಿ. ನೀರಿಗೆ ಬೀಳಲು ಬಿಡಬೇಡಿ.