ಜಲಾಲುದ್ದೀನನ ಬೆಂಚಿನ ಮೇಲಿನ ಬುತ್ತಿ

ಭೀಮರಾಯನಗುಡಿಯ ಬಸ್ ನಿಲ್ದಾಣದೆದುರು ಜಲಾಲುದ್ದೀನನ ಚಹಾದಂಗಡಿ. ಕಾಲುವೆ ತೋಡುವವರಿಗೆ ಚಹಾ ಮಾರಲು ಬಂದವನು, ಕಾಲುವೆಗೆ ನೀರು ಬಂದ ಮೇಲೂ ಅಲ್ಲಿಯೇ ಉಳಿದ. ಅವನ ಚಹಾಕ್ಕಿಂತ ಹೆಸರಾದದ್ದು ಅಂಗಡಿಯ ಮುಂದಿನ ಉದ್ದನೆಯ ಬೆಂಚು. ಸುತ್ತಲಿನ ಹಳ್ಳಿಯ ತಾಯಂದಿರು ಇಲ್ಲಿನ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುವ ಮಕ್ಕಳಿಗೆ ಬುತ್ತಿ ಕಟ್ಟಿ ಬೆಳಗಿನ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದರು. ಅವನು ಅದನ್ನು ಬೆಂಚಿನ ಮೇಲಿಟ್ಟು ಸೀಟಿ ಊದಿ ಮುಂದೆ ಹೋಗುತ್ತಿದ್ದ. ಮಕ್ಕಳು ಬಂದು ಒಯ್ಯುವವರೆಗೆ ನಾಯಿ, ಇರುವೆಗಳಿಂದ ಕಾಯುವವನು ಜಲಾಲುದ್ದೀನ. ಯಾರೂ ನೇಮಿಸಿದ ಕೆಲಸವಲ್ಲ; ಆದರೂ ಬೆಂಚು ತುಂಬಿದ ದಿನ ಅವನ ಮೀಸೆ ತಾನಾಗಿ ಮೇಲೇರುತ್ತಿತ್ತು.

ಅಂಗಡಿಯ ಟಿ.ವಿ.ಯಲ್ಲಿ ಲೋಕದ ಕೇಡೆಲ್ಲ ಬಂದು ಹೋಗುತ್ತಿತ್ತು. ಅಮೆರಿಕದಲ್ಲಿ ವಿಮಾನ ನುಗ್ಗಿಸಿ ಕಟ್ಟಡ ಕೆಡವಿದಾಗ ಗಿರಾಕಿಗಳು ಸಿನಿಮಾ ಎಂದೇ ತಿಳಿದಿದ್ದರು. ಹೈದರಾಬಾದಿನಲ್ಲಿ ಬಾಂಬು ಸಿಡಿದಾಗ ಮಾತ್ರ ಚಹಾ ಉಕ್ಕಿ ಒಲೆ ಆರಿತು. ಅಲ್ಲಿದ್ದ ತಂಗಿ ಕುಬ್ರಾಬೇಗಂಳ ದನಿ ಫೋನಿನಲ್ಲಿ ಕೇಳುವವರೆಗೆ ಅವನು ಕುಳಿತುಕೊಳ್ಳಲಿಲ್ಲ. ಮರುವರ್ಷ ಮುಂಬಯಿಯ ಗುಂಡಿನ ಸದ್ದು ದಿನಗಟ್ಟಲೆ ಅಂಗಡಿ ತುಂಬಿತು. ವಾರಸುದಾರರಿಲ್ಲದ ಗಂಟು ಕಂಡರೆ ಮುಟ್ಟಬೇಡಿ ಎಂದು ಟಿ.ವಿ. ಹೇಳಿತು. ಜಲಾಲುದ್ದೀನ ಬೆಂಚಿನತ್ತ ನೋಡಿದ. ಸಾಲಾಗಿ ಕುಳಿತಿದ್ದವು, ವಾರಸುದಾರರಿಲ್ಲದ ಗಂಟುಗಳು!

ಅಂದೇ ಒಂದು ಹಲಗೆ ತೂಗಿತು: "ಇಲ್ಲಿ ಬುತ್ತಿ ಇಡಬಾರದು." ಬೆಂಚು ಬರಿದಾಯಿತು. ಅದರೊಡನೆ ಅವನ ಮೀಸೆಯೂ ಇಳಿಯಿತು. ಜನ ಇನ್ನು ತನ್ನ ಕೈಗೆ ಮಕ್ಕಳ ಅನ್ನ ಒಪ್ಪಿಸುವುದೇ ಇಲ್ಲವೇನೋ ಎಂಬ ಚಿಂತೆಯಲ್ಲಿ ಚಹಾಕ್ಕೆ ಸಕ್ಕರೆ ಎರಡೆರಡು ಸಲ ಬೀಳತೊಡಗಿತು.

ವಾರ ಕಳೆದಿರಲಿಲ್ಲ, ದೋರನಹಳ್ಳಿಯ ದೇವಕಮ್ಮ ಬುತ್ತಿಯ ಸಮೇತ ತಾನೇ ಬಸ್ಸಿಳಿದಳು.

"ಜಲಾಲಣ್ಣ, ನನ್ ಮಗಳು ಮೆಸ್ಸಿನ ನೀರುಸಾರು ಕುಡ್ದು ಸೊರಗಾಕತ್ಯಾಳ. ಏನಿದು ನಿನ್ ಬೋರ್ಡು?"

"ಕಾಲ ಕೆಟ್ಟದ ಅಕ್ಕಾ. ಯಾರರ ಏನರ ಇಟ್ಟು ಹೋದ್ರ, ಮೊದ್ಲು ಹಿಡಿಯೋದು ಈ ಜಲಾಲುದ್ದೀನನ್ನ."

"ನನ್ ಪುಂಡಿಪಲ್ಯ ಸಿಡೀತದೇನು?"

ಚಹಾ ಹೀರುತ್ತಿದ್ದ ಪೊಲೀಸ ನೀಲಕಂಠ ನಡುವೆ ಬಾಯಿ ಹಾಕಿದ: "ಖಾರ ಹೆಚ್ಚಾಗಿದ್ರ ಹೇಳಾಕ ಬರಂಗಿಲ್ಲ ಬಿಡವ್ವಾ."

"ಹಂಗಾದ್ರ ಬಿಚ್ಚಿ ತೋರ್ಸು" ಎಂದುಬಿಟ್ಟ ಜಲಾಲುದ್ದೀನ. ಅಂದವನೇ ನಾಲಿಗೆ ಕಚ್ಚಿಕೊಂಡ. ಮಕ್ಕಳ ಬುತ್ತಿಯನ್ನು ನಡುದಾರಿಯಲ್ಲಿ ಬಿಚ್ಚಿಸಿದರೆ ದೃಷ್ಟಿಯಾಗುತ್ತದೆಂದು ಆ ತಾಯಂದಿರ ನಂಬಿಕೆ.

ದೇವಕಮ್ಮ ಕಣ್ಣು ಕೆಂಪಗೆ ಮಾಡಿ ಗಂಟು ಬಿಚ್ಚಿದಳು. ಸಜ್ಜೆರೊಟ್ಟಿ ಮುರಿದು, ಪಲ್ಯ ಹಚ್ಚಿ, ಅವನ ಮುಂದೆ ಹಿಡಿದಳು. "ಬಿಚ್ಚಿಸಿದವ್ರೇ ಒಂದು ತುತ್ತು ತಿಂದ್ರ ದೃಷ್ಟಿ ಹೋಗ್ತದ. ತಿನ್ನು!"

ಜಲಾಲುದ್ದೀನ ತಿಂದ. ಕಿವಿಯವರೆಗೆ ಕೆಂಪಾದ.

"ಸಿಡೀತೇನಪಾ?" ಎಂದ ನೀಲಕಂಠ.

ಈ ಸುದ್ದಿಯನ್ನು ಕಂಡಕ್ಟರನೇ ಹಳ್ಳಿ ಹಳ್ಳಿಗೆ ಮುಟ್ಟಿಸಿದ. ಮರುದಿನದಿಂದ ಬುತ್ತಿಗಳು ಮತ್ತೆ ಬಂದವು, ಪ್ರತಿಯೊಂದರ ಮೇಲೂ ತಪಾಸಣೆಗೆಂದೇ ಒಂದು ಚೂರು ರೊಟ್ಟಿ. ತೂಗುಹಾಕಿದ ಹಲಗೆ ಇಳಿದು ಬುತ್ತಿಗಳಿಗೆ ಮುಚ್ಚಳವಾಯಿತು. ತಿಂಗಳೊಪ್ಪತ್ತಿನಲ್ಲಿ ಜಲಾಲುದ್ದೀನನ ಅಂಗಿಯ ಗುಂಡಿಗಳು ಹಾಕಲು ಬಾರದಾದವು. ಮನೆಯಲ್ಲಿ ಮಾಡಿದ ಅಡುಗೆ ಹಾಗೆಯೇ ಉಳಿಯತೊಡಗಿದಾಗ ಹೆಂಡತಿ ಸರ್ವರಬೇಗಂ ಅಂಗಡಿಗೇ ಬಂದಳು. ತುಂಬಿದ ಬೆಂಚನ್ನೂ ಗಂಡನ ಹೊಟ್ಟೆಯನ್ನೂ ಒಮ್ಮೆ ನೋಡಿದಳು.

"ಬಾಂಬಿಂದ ಉಳಿದ್ರಿ. ಈ ರೊಟ್ಟಿಯಿಂದ ಉಳಿಯೋದು ಕಷ್ಟ ಅದ ನೋಡ್ರಿ."

"ಡ್ಯೂಟಿ ಅದ, ಬೇಗಂ" ಎಂದ ಜಲಾಲುದ್ದೀನ, ರೊಟ್ಟಿಯ ಮೇಲಿಂದ ಮೀಸೆಗಂಟಿದ ಶೇಂಗಾಹಿಂಡಿ ಒರೆಸಿಕೊಳ್ಳುತ್ತ.