ಅಕ್ಕಿ ಮನೆ

ಬಂಗಾರಪೇಟೆ ಹತ್ತಿರದ ಪುಟ್ಟ ಮೃಗಾಲಯವೊಂದರ ಹಕ್ಕಿಗಳ ವಿಭಾಗಕ್ಕೆ ಬೋರ್ಡು ವಿನ್ಯಾಸ ಮಾಡಿದ್ದು ಸಾಕ್ಷಾತ್ ನಾನೇ. ಅಕ್ಷರದ ಬಾಗು, ಬಣ್ಣದ ಹದ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವನು, ಬರೆಯಬೇಕಾದ ಎರಡು ಪದಗಳನ್ನು ಮಾತ್ರ ರಾಬರ್ಟ್‌ಸನ್‌ಪೇಟೆಯ ಪೇಂಟರಿಗೆ ಫೋನಿನಲ್ಲೇ ಹೇಳಿದೆ. ಉದ್ಘಾಟನೆಯ ಹಿಂದಿನ ದಿನ ಹೋಗಿ ನೋಡಿದರೆ, ರಸ್ತೆಬದಿಯ ಗೇಟಿನ ಮೇಲೆ ಮುದ್ದಾಗಿ ‘ಅಕ್ಕಿ ಮನೆ’ ಅಂತಿತ್ತು.

“ಅಕ್ಕಿ ಅಲ್ಲಪ್ಪಾ, ಹಕ್ಕಿ,” ಅಂದೆ.

“ಅದೇ ಸಾರ್, ಅಕ್ಕಿ,” ಅಂದ ಪೇಂಟರ್.

“ಹಾರುತ್ತಲ್ಲ, ಅದು.”

“ಊಂ ಸಾರ್, ಆರೋ ಅಕ್ಕಿ. ಅದನ್ನೇ ಬರ್ದಿದೀನಿ.”

“ಮತ್ತೆ ಅನ್ನ ಮಾಡೋದು?”

“ಅದೂ ಅಕ್ಕಿನೇ. ನೋಡಿದ್ರೆ ಗೊತ್ತಾಗಲ್ವಾ ಸಾರ್, ಯಾವ್ದು ಅಂತ?”

ಅಷ್ಟರಲ್ಲಿ ಚೀಲ ಹಿಡಿದ ಅಜ್ಜಿಯೊಬ್ಬರು ಬೋರ್ಡು ನೋಡಿ ಒಳಗೆ ಬಂದು, “ರೇಷನ್ ಇವತ್ತೇ ಕೊಡ್ತಾರೇನಪ್ಪಾ?” ಅಂದರು.

ಇಷ್ಟು ವರ್ಷ ಬೋರ್ಡು ಮಾಡಿದ್ದರಲ್ಲಿ, ನನ್ನದೊಂದು ಬೋರ್ಡನ್ನು ಓದಿ ಯಾರಾದರೂ ಒಳಗೆ ಬಂದದ್ದು ಅದೇ ಮೊದಲು.