ಬಳೆಗಾರರ ಬೀದಿಯಲ್ಲಿ ಅಮ್ಮ

ಗೆಳೆಯರೇ, ಇವತ್ತು ಚಾಮರಾಜಪೇಟೆ ಬಳಿಯ ನೆಲದಡಿಯ ಮೆಟ್ರೊ ನಿಲ್ದಾಣದ ಜನಜಂಗುಳಿಯಲ್ಲಿ ಅಮ್ಮ ಕೈತಪ್ಪಿಹೋದಳು. ಫೋನ್ ಮಾಡಿದರೆ, "ಬಳೆಗಾರರ ಬೀದೀಲಿ ನಿಂತಿದೀನಿ, ಬಾ" ಅಂದಳು.

ಅದು ಅವಳು ಹುಟ್ಟಿ ಬೆಳೆದ ಬೀದಿ. ನಾನು ಹುಟ್ಟುವ ಮೊದಲೇ ಅದರ ಹೆಸರು ಬದಲಾಗಿದೆ. ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಯಿತೇ? ಒಬ್ಬಳೇ ರಸ್ತೆಗೆ ಹೋಗಿಬಿಟ್ಟಳೇ? ಮೇಲಕ್ಕೆ ಓಡಿ ಆ ರಸ್ತೆಯುದ್ದಕ್ಕೂ ಹುಡುಕಿದೆ. ಎಲ್ಲೂ ಇಲ್ಲ.

ಅಳುತ್ತಾ ಮತ್ತೆ ಕೆಳಗಿಳಿದೆ. ಟಿಕೆಟ್ ಕೌಂಟರಿನ ಹಿಂದಿನ ಗೋಡೆಯ ತುಂಬ ಹಳೇ ಪೇಟೆಯ ನಕ್ಷೆ ಬಿಡಿಸಿದ್ದಾರೆ. ಅದರಲ್ಲಿ "ಬಳೆಗಾರರ ಬೀದಿ" ಎಂದು ಬರೆದಿರುವಲ್ಲೇ ಅಮ್ಮ ನಿಂತಿದ್ದಳು.

"ಎಲ್ಲಿ ಹೋಗಿದ್ಯೇ? ಇಷ್ಟು ದೊಡ್ಡದಾಗಿ ಬರೆದಿದಾರೆ, ಕಾಣಲ್ವಾ?"

ನಾನಿನ್ನೂ ಕಣ್ಣೊರೆಸಿಕೊಳ್ಳುತ್ತಿದ್ದೇನೆ. ಅಮ್ಮನೋ, ಮಗಳು ತಪ್ಪಿಸಿಕೊಂಡಿದ್ದಳೆಂದು ಮನೆಯವರಿಗೆಲ್ಲ ಫೋನಿನಲ್ಲಿ ಹೇಳುತ್ತಿದ್ದಾಳೆ.